ಎರವಲು ಬಂಪರ್ ತಪ್ಪಲ್ಲ, ಗ್ರೈಂಡರ್ ತಪ್ಪು

ಚೆನ್ನೈನ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಕ್ರೋಮ್ ಲೆದರ್ ಕಂಪನಿಯಿಂದ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಪಲ್ಲಾವರದ ಪಕ್ಕದಲ್ಲಿ ಕ್ರೋಮಿಯಂ ಲವಣ ಬಳಸಿ ತೊಗಲು ಹದಮಾಡುತ್ತಿದ್ದ ಕಾರ್ಖಾನೆ ಅದು. ಹಳೆಯ ಕಾರುಗಳ ಬಂಪರ್ ಮೇಲೆ ಹೊಳೆಯುವುದೂ ಅದೇ ಲೋಹ. ಇಲ್ಲಿಂದ ಗ್ರ್ಯಾಂಡ್ ಸದರ್ನ್ ಟ್ರಂಕ್ ರಸ್ತೆಯಲ್ಲಿ ತಾಂಬರಂ ದಾಟಿ ಮುಂದೆ ಹೋದರೆ ವಂಡಲೂರು. ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲಿ. 1961ರಲ್ಲಿ ಅಲ್ಲಿಂದ ಹೆರಾಲ್ಡ್ ಕಾರು ಹೊರಬಂತು, 1972ರಲ್ಲಿ ಅದರ ತಮ್ಮ ಗೆಜೆಲ್. ಎಂಬತ್ತರ ದಶಕದ ಕೊನೆಗೆ ಕಂಪನಿ ಕಾರು ಮಾಡುವುದನ್ನೇ ನಿಲ್ಲಿಸಿತು. ಬಿಡಿಭಾಗಗಳೂ ನಿಂತವು.

ಇವತ್ತು ಹೆರಾಲ್ಡ್ ಇಟ್ಟುಕೊಂಡವರ ಬಂಪರ್ ತುಕ್ಕು ಹಿಡಿದು ತೂತಾದರೆ ಏನು ಮಾಡಬೇಕು? ಪುದುಪೇಟೆಯ ಗುಜರಿ ಅಂಗಡಿಗಳನ್ನು ಸುತ್ತಿದರೆ ಗೆಜೆಲ್‌ನದೋ ಫಿಯೆಟ್‌ನದೋ ಬಂಪರ್ ಸಿಕ್ಕೀತು, ಹೆರಾಲ್ಡ್‌ನದು ಸಿಗುವುದು ಅದೃಷ್ಟ. ಮೂಲದ್ದೇ ಬೇಕು ಎಂದು ಹಟ ಹಿಡಿದವರ ಕಾರು ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ಕಾಯುತ್ತದೆ. ಚೆನ್ನೈನ ಉಪ್ಪುಗಾಳಿ ಕಾಯುವುದಿಲ್ಲ. ಇನ್ನು ಕೆಲವರು ಸಿಕ್ಕಿದ್ದನ್ನು ತಂದು, ಅದು ಕೂರುವಂತೆ ಕಾರನ್ನೇ ಕತ್ತರಿಸಿಬಿಡುತ್ತಾರೆ. ಎರಡರಲ್ಲೂ ಕಳೆದುಹೋಗುವುದು ಕಾರೇ.

ಬೇರೆ ಮಾದರಿಯ ಬಂಪರ್ ಹಾಕಿದರೆ ಕಾರಿನ ಜಾತಿ ಕೆಡುತ್ತದೆ ಎನ್ನುವವರು ಹೆರಾಲ್ಡ್‌ನ ಕತೆಯನ್ನು ನೆನೆಯಬೇಕು. ಇಂಗ್ಲೆಂಡಿನ ಕಂಪನಿಗಾಗಿ ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಕಾರು ಅದು. ಚಾಸಿ ಬೇರೆ, ಬಾಡಿ ಬೇರೆ. ಬಾಡಿಯೂ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸಿದ್ದು. ಅದಕ್ಕೆ ನಾಲ್ಕು ಬಾಗಿಲು ಬಂದದ್ದು ಭಾರತದಲ್ಲಿ ಮಾತ್ರ. ಬದಲಾಗುತ್ತಲೇ ಬಂದ ಕಾರಿಗೆ ಒಂದು ಎರವಲು ಬಂಪರ್ ಅವಮಾನವಲ್ಲ.

ಆದರೆ ಎರವಲಿಗೂ ಒಂದು ಕ್ರಮವಿದೆ. ಕನ್ನಡ 'ಬಸ್'ಅನ್ನು ಎರವಲು ತಂದಾಗ ಅದಕ್ಕೊಂದು ಉಕಾರ ಸೇರಿಸಿ 'ಬಸ್ಸು' ಮಾಡಿಕೊಂಡಿತು, 'ಬಸ್ಸಿಗೆ', 'ಬಸ್ಸಿನಲ್ಲಿ' ಎಂದು ತನ್ನ ವಿಭಕ್ತಿಯನ್ನೇ ಹಚ್ಚಿತು. ಬಗ್ಗಿದ್ದು ಬಂದ ಪದ, ವ್ಯಾಕರಣವಲ್ಲ. ಬಂಪರಿಗೂ ಇದೇ ನ್ಯಾಯ. ಕಾರಿನ ಮೂಲ ಬೋಲ್ಟ್ ತೂತುಗಳ ಅಳತೆ ತೆಗೆದು, ದಪ್ಪ ಉಕ್ಕಿನ ಪಟ್ಟಿಯಲ್ಲಿ ಬೇರೆ ಬ್ರಾಕೆಟ್ ಮಾಡಿಸಬೇಕು. ವೆಲ್ಡಿಂಗ್ ಆ ಬ್ರಾಕೆಟ್‌ಗೆ ಮಾತ್ರ. ಬಂಪರಿಗೆ ವೆಲ್ಡಿಂಗ್ ತಾಗಿಸಿದರೆ ಶಾಖಕ್ಕೆ ಲೇಪ ಸುಟ್ಟುಹೋಗುತ್ತದೆ. ಹೊಳೆಯುವ ಕ್ರೋಮ್ ಪದರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಇರುವುದಿಲ್ಲ. ತುಕ್ಕು ತಡೆಯುವ ಕೆಲಸ ಅದರಡಿಯ ನಿಕಲ್ಲಿನದು.

ಹೆರಾಲ್ಡ್‌ನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದರ ಬಾನೆಟ್ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆಯುತ್ತದೆ. ಹೊಸ ಬಂಪರ್ ಬಾನೆಟ್ಟಿಗೆ ಅಡ್ಡ ಬರುತ್ತದೆಯೇ ಎಂದು ಬೋಲ್ಟ್ ಬಿಗಿಯುವ ಮೊದಲೇ ನೋಡಬೇಕು. ಬಂಪರಿನ ತುದಿಗಳು ಮಡ್‌ಗಾರ್ಡಿನಿಂದ ಆಚೆ ಚಾಚಿದರೆ ದಾರಿಹೋಕರಿಗೆ ತಾಗುತ್ತವೆ. ನಂಬರ್ ಪ್ಲೇಟು, ದೀಪ ಮರೆಯಾಗಬಾರದು.

ಕಾನೂನೂ ಇದೇ ಗೆರೆಯ ಹತ್ತಿರ ನಿಂತಿದೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ಸ್ವಂತ ಬಳಕೆಯ ವಾಹನ ವಿಂಟೇಜ್ ಎನಿಸುತ್ತದೆ. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಬಂಪರಿನ ಹೆಸರು ಈ ಸಾಲಿನಲ್ಲಿಲ್ಲ. ಅದನ್ನು ಕೂರಿಸಲು ಚಾಸಿ ಕೊಯ್ದರೆ ಮಾತ್ರ ಮಾತು ಬೇರೆ. ತಯಾರಕರು ಹೇಳಿದ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಕಳಚಿದ ಹಳೆಯ ಬಂಪರನ್ನು ಗುಜರಿಗೆ ಹಾಕಬಾರದು. ಎಣ್ಣೆ ಸವರಿ, ಬಟ್ಟೆ ಸುತ್ತಿ, ಅದರ ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಡಬೇಕು. ಅದು ತೂತು ಬಿದ್ದಿದ್ದರೂ ಮುಂದೆ ಹೊಸದೊಂದನ್ನು ಬಗ್ಗಿಸಲು ಅಚ್ಚಾಗುತ್ತದೆ. ಇಪ್ಪತ್ತು ವರ್ಷದ ನಂತರ ಕಾರು ಯಾರ ಕೈಯಲ್ಲಿರುತ್ತದೋ, ಅವರು ಒಂದು ಭಾನುವಾರ ಸ್ಪ್ಯಾನರ್ ಹಿಡಿದು ಕೂತರೆ ಸಂಜೆಯೊಳಗೆ ಎರವಲಿನದನ್ನು ಬಿಚ್ಚಿ ಮೂಲದ್ದನ್ನು ಹಾಕುವಂತಿರಬೇಕು.