ಅದು ಫಾಲ್ಸ್ ಅಲ್ಲ, ಕಟ್ಟೆ!

ಕಳೆದ ಭಾನುವಾರ ನಾಲ್ವರು ಗೆಳೆಯರು ಕ್ಯಾಮೆರಾ ಹಿಡಿದು ಹೊರಟಿದ್ದೆವು. ಬೆಳಿಗ್ಗೆ ಶ್ರೀರಂಗಪಟ್ಟಣ ತಾಲ್ಲೂಕಿನ ಬಲಮುರಿ, ಮಧ್ಯಾಹ್ನ ಮೇಲುಕೋಟೆ ಕಾಡು, ಸಂಜೆ ಕೆ.ಆರ್.ಪೇಟೆಯ ಹೇಮಗಿರಿ. ಮೇಲುಕೋಟೆಯದು ತೋಳಗಳಿಗಾಗಿ 1974ರಲ್ಲಿ ವನ್ಯಧಾಮವಾದ ಕುರುಚಲು ಕಾಡು. ಅಲ್ಲಿ ಜಲಪಾತ ಸಿಗಲಿಲ್ಲ, ದಾರಿಯುದ್ದಕ್ಕೂ ಚಿಪ್ಸ್ ಪ್ಯಾಕೆಟ್ ಸಿಕ್ಕವು.

ಬಲಮುರಿಯಲ್ಲಿ ಒಬ್ಬರು ಮಗುವನ್ನು ಎತ್ತಿಕೊಂಡು ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತು ರೀಲ್ಸ್ ಮಾಡುತ್ತಿದ್ದರು. 'ಫಾಲ್ಸ್ ಚೆನ್ನಾಗಿದೆ' ಎಂದ ನಾಗಮಂಗಲದ ಗೆಳೆಯ. ಪಕ್ಕದಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದ ಅಜ್ಜ ನಕ್ಕರು: 'ಫಾಲ್ಸ್ ಅಲ್ಲ ಕಣಪ್ಪಾ, ಕಟ್ಟೆ ಅದು. ನಾಲೆಗೆ ನೀರು ತಿರುಗ್ಸಕ್ಕೆ ಕಟ್ಟವ್ರೆ.'

ಅಜ್ಜ ಹೇಳಿದ್ದೇ ನಿಜ. ಬಲಮುರಿ ಕಟ್ಟೆಯಿಂದ ವಿರಿಜಾ ನಾಲೆ ಹೊರಡುತ್ತದೆ. ಹೇಮಗಿರಿಯಲ್ಲೂ ಹೇಮಾವತಿಗೆ ಅಡ್ಡ ಕಟ್ಟಿದ ಕಟ್ಟೆಯೇ ಇದೆ. ಇವು ನಮ್ಮ ಗದ್ದೆಗಳಿಗೆ ಅನ್ನ ಕೊಟ್ಟ ಕಟ್ಟೆಗಳು. ಇವನ್ನು 'ಫಾಲ್ಸ್' ಮಾಡಿದವರು ನಾವು.

ಹೆಸರಿನಲ್ಲೇನಿದೆ ಅನ್ನಬೇಡಿ. ಕಟ್ಟೆ ಮೇಲಿಂದ ಬಿದ್ದ ನೀರು ಬುಡದಲ್ಲಿ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಅದರೊಳಗೆ ಸಿಕ್ಕಿದರೆ ಈಜು ಬಂದವನೂ ಮೇಲೆ ಬರುವುದು ಕಷ್ಟ. ಮೇಲೆ ಕೆಆರ್‌ಎಸ್ ಇದೆ. ಮಟ್ಟ 124.80 ಅಡಿ ಮುಟ್ಟಿ ಗೇಟು ತೆರೆದರೆ ಮೊಣಕಾಲುದ್ದದ ನೀರು ಆಳುದ್ದವಾಗುತ್ತದೆ. ಹೇಮಗಿರಿಯವರಿಗೆ ಗೊರೂರಿನ ಗೇಟು. ಊರಿನವರಿಗೆ ಇದು ಗೊತ್ತು. ಮೊಬೈಲಿನಲ್ಲಿ 'ಫಾಲ್ಸ್' ನೋಡಿ ಬಂದವರಿಗೆ ಗೊತ್ತಿಲ್ಲ.

ಆಡಳಿತ ಏನು ಮಾಡುತ್ತದೆ? ಹೊರಹರಿವು ಹೆಚ್ಚಿದಾಗ ನಿಷೇಧ ಹೇರುತ್ತದೆ, ಇಳಿದ ಮೇಲೆ ಮರೆಯುತ್ತದೆ. ನಾವು ಸ್ಟ್ರಿಂಗರ್‌ಗಳು ಏನು ಮಾಡುತ್ತೇವೆ? ಶನಿವಾರ 'ಕೈಬೀಸಿ ಕರೆಯುವ ಜಲಧಾರೆ' ಎಂದು ಬರೆಯುತ್ತೇವೆ, ಸೋಮವಾರ 'ಯುವಕ ನೀರುಪಾಲು' ಎಂದು ಬರೆಯುತ್ತೇವೆ. ಎರಡನ್ನೂ ನಾನೇ ಬರೆದಿದ್ದೇನೆ. ಎರಡಕ್ಕೂ ದುಡ್ಡು ಎಣಿಸಿದ್ದೇನೆ.

ಹಾಗಂತ ಪೂರ್ತಿ ಬಂದ್ ಮಾಡಿ ಅನ್ನುವುದಿಲ್ಲ. ದಡದಲ್ಲಿ ಮೀನು ಕರಿದು, ಚುರುಮುರಿ ಮಾರಿ ಬದುಕುವವರು ನಮ್ಮವರೇ. ನೋಡಲಿ, ದಡದಲ್ಲಿ ಕೂತು ತಿನ್ನಲಿ. ಆದರೆ ಗೇಟು ತೆರೆಯುವ ಮೊದಲು ಸೈರನ್ ಪ್ರತಿ ಕಟ್ಟೆಗೂ ಕೇಳಿಸಬೇಕು. 'ಇದು ಕಟ್ಟೆ, ಬುಡದಲ್ಲಿ ಸುಳಿ ಇದೆ' ಎಂದು ದೊಡ್ಡದಾಗಿ ಬರೆಸಬೇಕು. ಹೆಣ ಎತ್ತಲು ಮಾತ್ರ ನೆನಪಾಗುವ ಊರ ಈಜುಗಾರರನ್ನು ಜೀವ ಉಳಿಸಲು ಸಂಬಳ ಕೊಟ್ಟು ನಿಲ್ಲಿಸಬೇಕು. ಪಾರ್ಕಿಂಗ್ ದುಡ್ಡು ವಸೂಲಿ ಮಾಡುವಲ್ಲೆಲ್ಲ ಕಸದ ತೊಟ್ಟಿಯೂ ಇರಬೇಕು. ಒಡೆದ ಬಾಟಲಿ ಹರಿದು ಬರುವುದು ಗದ್ದೆಗೆ, ಕುಯ್ಯುವುದು ನಾಟಿ ಹಾಕುವ ಹೆಂಗಸರ ಕಾಲನ್ನು.

ಆ ದಿನ ತೆಗೆದ ಫೋಟೊಗಳಲ್ಲಿ ಒಂದನ್ನು ಮಾತ್ರ ಸ್ಟೇಟಸ್‌ಗೆ ಹಾಕಿದೆ. ಕೆಳಗೆ ಬರೆದೆ: 'ಬಲಮುರಿ ಕಟ್ಟೆ. ದಡದಿಂದಲೇ ನೋಡಿ.' ನೀವೂ ಹಾಗೇ ಬರೆಯಿರಿ. ನಮ್ಮ ಊರಿನ ಕಟ್ಟೆಗೆ ಅದರ ಹೆಸರು ಹೇಳಲು ಯಾವ ಆದೇಶವೂ ಬೇಕಿಲ್ಲ.