ನೋವು ಹೇಳಿಕೊಳ್ಳಲು ನಮ್ಮ ಮಾತು ಬೇಕು

ಕಳೆದ ವರ್ಷ ಅಕ್ಕಲಕೋಟ ತಾಲೂಕಿನ ನಮ್ಮೂರಿನಿಂದ ತಂಗಿಯನ್ನು ಡಿ ಅಂಡ್ ಸಿ ಮಾಡಿಸಲು ಪಟ್ಟಣದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಸಣ್ಣ ಆಪರೇಷನ್, ಸಂಜೆಗೆ ಮನೆಗೆ ಹೋಗಬಹುದು ಅಂದರು. ನಾನು ಔಷಧ ತರಲು ಹೋದಾಗ ಅವಳಿಗೆ ಎಚ್ಚರವಾಗಿದೆ. ನರ್ಸ್ ಮರಾಠಿಯಲ್ಲಿ ಏನೋ ಕೇಳಿದ್ದಾರೆ, ಇವಳು ತಿಳಿಯದೆ ಸುಮ್ಮನೆ ತಲೆಯಾಡಿಸಿದ್ದಾಳೆ. ನೋವಿಲ್ಲವೆಂದುಕೊಂಡು ಅವರು ಮುಂದಿನ ಹಾಸಿಗೆಗೆ ಹೋಗಿದ್ದಾರೆ. 'ಅಕ್ಕಾ, ಕಿಬ್ಬೊಟ್ಟಿ ಹಿಂಡಿದಂಗ ಆಗ್ಲತ್ತದ' ಎಂದು ಅವಳು ನನ್ನ ಕೈ ಹಿಡಿದು ಅತ್ತ ಮೇಲೆಯೇ ಮಾತ್ರೆ ಸಿಕ್ಕಿದ್ದು.

ಆಪರೇಷನ್ ಸಣ್ಣದಿರಬಹುದು, ನೋವು ಸಣ್ಣದಲ್ಲ. ಅದಕ್ಕೆ ದಾರಿಗಳೂ ಇಲ್ಲದಿಲ್ಲ. ಐಬುಪ್ರೊಫೇನ್‌ನಂಥ ಅಗ್ಗದ ಮಾತ್ರೆಯಿದೆ, ಗರ್ಭಕೊರಳಿನ ಪಕ್ಕ ಮರಗಟ್ಟಿಸುವ ಚುಚ್ಚುಮದ್ದಿದೆ. ಹಲ್ಲು ಕೀಳುವಾಗ ಚುಚ್ಚುವ ಲಿಗ್ನೋಕೇನ್ ನಮಗೆಲ್ಲ ಗೊತ್ತು. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಔಷಧವದು. ಅದನ್ನೇ ರಕ್ತನಾಳಕ್ಕೆ ಹನಿಹನಿಯಾಗಿ ಕೊಟ್ಟು ಆಪರೇಷನ್ ನಂತರದ ನೋವು ತಗ್ಗಿಸಲು ವೈದ್ಯರು ನೋಡುತ್ತಿದ್ದಾರೆ. ಆದರೆ 2018ರಲ್ಲಿ ಕಾಕ್ರೇನ್ ಸಂಸ್ಥೆ ಬೇರೆ ಬೇರೆ ಆಪರೇಷನ್‌ಗಳ 68 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಲಾಭ ಖಚಿತವಿಲ್ಲವೆಂದಿತು. ಹಾಗಾಗಿ ಅದನ್ನೇ ಕೊಡಿರೆಂದು ಹಟ ಹಿಡಿಯುವಂತಿಲ್ಲ.

ಕೊಡುವುದಾದರೂ ತೂಕ ನೋಡಿ ಪ್ರಮಾಣ ಇಡಬೇಕು, ಇ.ಸಿ.ಜಿ. ಮೇಲೆ ಕಣ್ಣಿಟ್ಟಿರಬೇಕು. ಹೆಚ್ಚಾದರೆ ತುಟಿ ಜುಮ್ಮೆನ್ನುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಕಿವಿ ಗುಂಯ್‌ಗುಡುತ್ತದೆ. ಮುಂದೆ ಫಿಟ್ಸ್ ಬರಬಹುದು, ಹೃದಯವೇ ನಿಲ್ಲಬಹುದು. ಈ ಮೊದಲ ಸೂಚನೆಗಳನ್ನು ಯಾವ ಯಂತ್ರವೂ ಹೇಳದು. ಎಚ್ಚರವಿರುವ ರೋಗಿಯೇ ಹೇಳಬೇಕು. ಯಾವ ಭಾಷೆಯಲ್ಲಿ?

ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಚೇರಿ, ವ್ಯವಹಾರ ಅದರಲ್ಲೇ ನಡೆಯುತ್ತವೆ. ಆದರೆ ನೋವಾದಾಗ ಬಾಯಿಗೆ ಬರುವುದು 'ಯವ್ವಾ' ಎಂಬ ಮಾತೇ. ಗಡಿಯ ಆಸ್ಪತ್ರೆಗಳು ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಅಚ್ಚು ಹಾಕಿಸಲಿ. ಸೊನ್ನೆಯಿಂದ ಹತ್ತರವರೆಗೆ ಬೆರಳಿಟ್ಟು ನೋವು ತೋರಿಸುವ ಹಾಳೆಯೊಂದನ್ನು ಹಾಸಿಗೆಯ ಬಳಿ ಇಡಲಿ. ಪ್ರತಿ ಪಾಳಿಯಲ್ಲಿ ಕನ್ನಡ ಬಲ್ಲವರೊಬ್ಬರಿರಲಿ. ಇಷ್ಟಕ್ಕೆ ಯಾವ ಮಹಾಜನ ವರದಿಯೂ ಅಡ್ಡ ಬರುವುದಿಲ್ಲ, ದೊಡ್ಡ ಖರ್ಚೂ ಇಲ್ಲ.

ನಾವೂ ಬಾಯಿ ಬಿಡಬೇಕು. 'ಹೆಣ್ಣುಮಕ್ಳು ತಡ್ಕೋಬೇಕು' ಎಂಬ ಹಳೆಯ ಮಾತನ್ನು ಮನೆಯಲ್ಲೇ ಬಿಟ್ಟು ಹೋಗೋಣ. ನೋವಿಗೆ ಏನು ಕೊಡುತ್ತೀರಿ ಎಂದು ಆಪರೇಷನ್‌ಗೆ ಮೊದಲೇ ಕೇಳೋಣ.