ಹಿಮ ಸರೋವರದ ಹಾದಿಯೂ ರಜೆಯ ಲೆಕ್ಕವೂ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಿಮಾಲಯ ಚಾರಣದ ಹವ್ಯಾಸವು ಇತ್ತೀಚಿನ ವರ್ಷಗಳಲ್ಲಿ ಬಹಳವಾಗಿ ಬೆಳೆದಿದೆ. ಹಿಂದೆ ಹೊರನಾಡ ಕನ್ನಡಿಗನು ಗಢವಾಲದ ಕಡೆಗೆ ಮುಖ ಮಾಡುತ್ತಿದ್ದುದು ಬದರಿ ಕೇದಾರಗಳ ದರ್ಶನಕ್ಕಾಗಿ. ಈಗ ಅವನ ಮಕ್ಕಳು, ಅಷ್ಟೇ ಏಕೆ, ನಿವೃತ್ತಿಯ ಅಂಚಿನಲ್ಲಿರುವ ಅವನೂ ಅವನ ಪತ್ನಿಯೂ, ದೇವಾಲಯವಿಲ್ಲದ, ರಸ್ತೆಯಿಲ್ಲದ, ಕೇವಲ ಒಂದು ನೀಲಿ ಸರೋವರವಿರುವ ಎತ್ತರಕ್ಕೆ ಬೆನ್ನಮೇಲೆ ಚೀಲ ಹೊತ್ತು ಹೊರಡುತ್ತಾರೆ. ಇದು ಸಂತೋಷದ ಸಂಗತಿಯೇ. ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು, ಎರಡು ಗಂಟೆ ಲೋಕಲ್ ರೈಲಿನಲ್ಲಿ ನಿಂತು ಸವೆಯುವ ದೇಹಕ್ಕೆ ನಡಿಗೆಯಂತಹ ಔಷಧ ಇನ್ನೊಂದಿಲ್ಲ. ಆದರೆ ಈ ಯಾತ್ರೆಗಳನ್ನು ಯೋಜಿಸುವ ರೀತಿಯಲ್ಲಿ ಒಂದು ಗಂಭೀರ ದೋಷ ಸೇರಿಕೊಂಡಿದೆ. ದಿನಗಳ ಲೆಕ್ಕವನ್ನು ಪರ್ವತವನ್ನು ನೋಡಿ ಹಾಕುತ್ತಿಲ್ಲ. ಕಛೇರಿಯ ರಜೆಯನ್ನೂ ಮರುಪ್ರಯಾಣದ ಟಿಕೇಟನ್ನೂ ನೋಡಿ ಹಾಕಲಾಗುತ್ತಿದೆ.

2024ರ ಜೂನ್ ತಿಂಗಳ ಮೊದಲ ವಾರವನ್ನು ಕನ್ನಡಿಗರು ಇಷ್ಟು ಬೇಗ ಮರೆತಿರಲಾರರು. ಉತ್ತರಕಾಶಿಯ ಮೇಲ್ಭಾಗದಲ್ಲಿ, ಸುಮಾರು 14-15 ಸಾವಿರ ಅಡಿಗಳ ಎತ್ತರದಲ್ಲಿ, ಸಹಸ್ರ ತಾಲ್ ಎಂಬ ಸರೋವರಗಳ ಸಮೂಹವಿದೆ. ಭಾಗೀರಥಿಯ ಕಣಿವೆಯಿಂದ ಮಲ್ಲಾ, ಸಿಲ್ಲಾ ಗ್ರಾಮಗಳನ್ನು ದಾಟಿದ ಮೇಲೆ ಕಾಡಿನ ಏರುದಾರಿ. ಕಾಡು ಮುಗಿದ ಮೇಲೆ ಗಢವಾಲಿಗಳು ಬುಗ್ಯಾಲ್ ಎಂದು ಕರೆಯುವ ವಿಶಾಲವಾದ ಹುಲ್ಲುಗಾವಲು. ಅದರಾಚೆ ಕಲ್ಲು ಮತ್ತು ಹಿಮ. ಆ ವರ್ಷ ಮೇ 29ರಂದು ಹೊರಟ 22 ಜನರ ತಂಡದಲ್ಲಿ 18 ಮಂದಿ ಕರ್ನಾಟಕದವರು. ಜೂನ್ 3ರಂದು ಸರೋವರವನ್ನು ಕಂಡು ಬಿಡಾರಕ್ಕೆ ಮರಳುತ್ತಿದ್ದಾಗ ಹಿಮದ ಬಿರುಗಾಳಿ ಅವರನ್ನು ನಡುಬಯಲಿನಲ್ಲಿ ಹಿಡಿಯಿತು. 9 ಜನ ಮೃತರಾದರು. ಉಳಿದ 13 ಮಂದಿಯನ್ನು ರಕ್ಷಣಾ ದಳದವರೂ ವಾಯುಸೇನೆಯ ಹೆಲಿಕಾಪ್ಟರುಗಳೂ ಸೇರಿ ಪಾರುಮಾಡಬೇಕಾಯಿತು. ಮೃತರಲ್ಲಿ ಬಹುಮಂದಿ ನಲವತ್ತು ದಾಟಿದವರು. ಚಾರಣದ ಅನುಭವವುಳ್ಳವರೂ ಅವರಲ್ಲಿದ್ದರು. ಯಾರ ತಪ್ಪು ಎಂಬ ವಿಚಾರಣೆ ಇಲ್ಲಿ ಅಪ್ರಸ್ತುತ. ಅವರ ಮನೆಯವರ ದುಃಖದ ಮುಂದೆ ಅದು ಶೋಭಿಸುವುದೂ ಇಲ್ಲ. ಸರೋವರವನ್ನು ತಲಪಿದ ಮೇಲೆ, ಹಿಂದಿರುಗುವ ದಾರಿಯಲ್ಲಿ ಈ ಅನಾಹುತ ನಡೆಯಿತೆಂಬುದನ್ನು ಮಾತ್ರ ಮುಂದೆ ಹೋಗುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎತ್ತರದಲ್ಲಿ ಪ್ರಾಣವಾಯು ಕಡಿಮೆ ಎಂದು ಜನ ಹೇಳುವುದುಂಟು. ಗಾಳಿಯಲ್ಲಿ ಅದರ ಪಾಲು ಮುಂಬಯಿಯಲ್ಲಿಯೂ ಹಿಮಾಲಯದಲ್ಲಿಯೂ ಶೇಕಡಾ 21 ಮಾತ್ರ. ಕುಗ್ಗುವುದು ಗಾಳಿಯ ಒತ್ತಡ. 4,500 ಮೀಟರುಗಳ ಎತ್ತರದಲ್ಲಿ ಆ ಒತ್ತಡ ಸಮುದ್ರಮಟ್ಟದ ಶೇಕಡಾ 57ರಷ್ಟಕ್ಕೆ ಇಳಿಯುತ್ತದೆ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ತನ್ನದೇ ನಿಧಾನಗತಿಯಲ್ಲಿ. 3,000 ಮೀಟರು ದಾಟಿದ ಬಳಿಕ ರಾತ್ರಿ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ತಂಗಬೇಕು ಎಂಬುದು ವೈದ್ಯಕೀಯ ನಿಯಮ. ಮುಂಬಯಿ ಪುಣೆಗಳ ಉತ್ಸಾಹಿಗಳು ಭಾನುವಾರಗಳಂದು ಸಿಂಹಗಡವನ್ನೋ ಕಳಸೂಬಾಯಿಯನ್ನೋ ಹತ್ತಿ ಸಿದ್ಧತೆ ಮಾಡಿಕೊಳ್ಳುತ್ತಾರೆ. ಕಾಲುಗಳಿಗೆ ಅದು ಉತ್ತಮವೇ. ಆದರೆ ಕಳಸೂಬಾಯಿಯ ಎತ್ತರ 1,646 ಮೀಟರು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯದೂ ಎರಡು ಸಾವಿರ ಮುಟ್ಟುವುದಿಲ್ಲ. ಪರ್ವತರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ 2,500 ಮೀಟರುಗಳ ಮೇಲೆ. ಅಂದರೆ ಈ ಬೆಟ್ಟಗಳು ಸ್ನಾಯುಗಳನ್ನು ಗಟ್ಟಿಗೊಳಿಸುತ್ತವೆಯೇ ಹೊರತು ತೆಳುವಾದ ಗಾಳಿಯ ಪರಿಚಯವನ್ನು ಮಾಡಿಕೊಡಲಾರವು. ಪ್ರತಿದಿನ ಹತ್ತು ಮೈಲಿ ಓಡುವ ತರುಣನಿಗೂ ಈ ರೋಗದಿಂದ ವಿನಾಯಿತಿಯಿಲ್ಲ. ಶಕ್ತಿಯಿದೆಯೆಂದು ಬೇಗ ಬೇಗ ಏರುವುದರಿಂದ ಅವನೇ ಮೊದಲು ತಲೆನೋವು, ವಾಕರಿಕೆಗಳಿಂದ ಮಲಗುವುದೂ ಉಂಟು. ವಿಶ್ರಮಿಸುತ್ತಿರುವಾಗಲೂ ಉಸಿರು ಸಿಕ್ಕಿಕೊಂಡು ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದೂ, ಹಿಮ್ಮಡಿಗೆ ಬೆರಳು ತಾಗಿಸಿ ನೆಟ್ಟಗೆ ನಡೆಯಲಾಗದಿದ್ದರೆ ಮಿದುಳಿಗೆ ಊತ ಬಂದಿದೆಯೆಂದೂ ಶಂಕಿಸಬೇಕು. ಆಗ ಮಾಡಬೇಕಾದುದು ತಡಮಾಡದೆ, ರಾತ್ರಿಯಾದರೂ ಸರಿ, ಕೆಳಕ್ಕಿಳಿಯುವುದು. ಅಸೆಟಾಜೋಲಮೈಡ್ ಮಾತ್ರೆಯನ್ನು ಮುಂಜಾಗ್ರತೆಗಾಗಿ ತೆಗೆದುಕೊಳ್ಳುವ ಪದ್ಧತಿಯಿದೆ. ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ ರೋಗಗಳಿಗೆ ಔಷಧಿ ಸೇವಿಸುವವರಿಗಂತೂ ಈ ಮಾತನ್ನು ಎರಡು ಸಲ ಹೇಳಬೇಕು.

ಹಿಂದಿನ ಯಾತ್ರಿಕನಿಗೆ ಈ ಶಾಸ್ತ್ರವೇನೂ ತಿಳಿದಿರಲಿಲ್ಲ. ಆದರೂ ಅವನು ಅದನ್ನು ಪಾಲಿಸಿದ. ಹೃಷೀಕೇಶದಿಂದ ಕಾಲ್ನಡಿಗೆಯಲ್ಲಿ ಹೊರಟು, ದಾರಿಯುದ್ದಕ್ಕೂ ಇದ್ದ ಚಟ್ಟಿಗಳಲ್ಲಿ ತಂಗುತ್ತ, ಅಟ್ಟು ಉಣ್ಣುತ್ತ, ಅನೇಕ ದಿನಗಳ ಬಳಿಕ ಅವನು ಕೇದಾರವನ್ನು ಸೇರುತ್ತಿದ್ದ. (ಅಲ್ಲಿ ರಾವಲ್ ಪೀಠದಲ್ಲಿ ಕರ್ನಾಟಕ ಮೂಲದ ವೀರಶೈವ ಅರ್ಚಕರಿರುವುದು ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತಿಳಿಸಬೇಕಾದ ಸಂಗತಿ.) ಬಡತನ ಮತ್ತು ರಸ್ತೆಯ ಅಭಾವ ಅವನಿಗೆ ಒದಗಿಸಿದ ನಿಧಾನವೇ ಅವನ ರಕ್ಷಣೆಯಾಗಿತ್ತು. ಇಂದು ಬೆಳಗ್ಗೆ ಚೆನ್ನೈಯಲ್ಲಿ ವಿಮಾನ ಹತ್ತಿದವನು ಮರುದಿನ ಸಂಜೆ ಪರ್ವತದ ಬುಡದಲ್ಲಿರುತ್ತಾನೆ. ಮೂರನೆಯ ದಿನ ಮರಗಳೇ ಬೆಳೆಯದ ಎತ್ತರದ ಸಮೀಪದಲ್ಲಿರುತ್ತಾನೆ.

ಇನ್ನು ಚಳಿ. ಗಾಳಿಯ ವಿಷಯವನ್ನಾದರೂ ಜನ ಅಷ್ಟಿಷ್ಟು ಕೇಳಿರುತ್ತಾರೆ. ಚಳಿಯನ್ನು ಮಾತ್ರ ಒಂದು ಅನಾನುಕೂಲವೆಂದು ತಿಳಿಯುವರೇ ಹೊರತು ಮೃತ್ಯುಕಾರಣವೆಂದು ತಿಳಿಯುವುದಿಲ್ಲ. ಪ್ರತಿ ಸಾವಿರ ಮೀಟರು ಏರಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಡೆಹರಾಡೂನಿನಲ್ಲಿ ಬೆವರು ಸುರಿಯುವ ಜೂನ್ ಮಧ್ಯಾಹ್ನದಲ್ಲಿಯೂ ಸರೋವರದ ದಂಡೆಯಲ್ಲಿ ಹತ್ತು ಡಿಗ್ರಿಯ ಆಸುಪಾಸಿರಬಹುದು. ಇದು ಬಿಸಿಲಿದ್ದಾಗಿನ ಮಾತು. ಮೋಡ ಕವಿದು, ಮಳೆಯೋ ಹಿಮವೋ ಬಿದ್ದು ಮೈ ತೊಯ್ದು, ಮೇಲೆ ಗಾಳಿಯೂ ಬೀಸಿತೆಂದರೆ ಲೆಕ್ಕವೇ ಬೇರೆ. ಒದ್ದೆಯಾದ ಹತ್ತಿಯ ಬಟ್ಟೆ ಮೈಯ ಶಾಖವನ್ನು ಹೀರುತ್ತಲೇ ಹೋಗುತ್ತದೆ. ಬುಗ್ಯಾಲಿನ ಮೇಲೆ ಮರೆಗೆ ಒಂದು ಮರವೂ ಇಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಾಗ ನಡುಕ ಹಿಡಿಯುತ್ತದೆ, ಬೆರಳುಗಳು ಗುಂಡಿ ಹಾಕಲಾರವು, ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಅನಂತರ ನಡುಕ ನಿಂತುಬಿಡುತ್ತದೆ. ಜೊತೆಯವರು ಸುಧಾರಿಸಿತೆಂದು ಭಾವಿಸುವ ಆ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಒದ್ದೆ ಬಟ್ಟೆಯನ್ನು ತೆಗೆದು, ನೆಲದ ತಣ್ಪು ತಾಗದಂತೆ ಹಾಸಿ, ಒಣಗಿದ ಹೊದಿಕೆಯಲ್ಲಿ ಸುತ್ತಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಬ್ರಾಂದಿ ಕುಡಿದರೆ ಚಳಿ ಹೋಗುವುದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗೆ ಉಳಿದಿರುವ ಶಾಖವನ್ನೂ ಹೊರಕ್ಕೆ ಕಳಿಸುತ್ತದೆ.

ಇಷ್ಟು ತಿಳಿದವರೂ ತೊಂದರೆಗೆ ಸಿಲುಕುವುದೇಕೆ? ಮರಳಿಬಿಡೋಣ ಎನ್ನುವ ಧೈರ್ಯ ಯಾರಿಗೂ ಬಾರದಿರುವುದರಿಂದ. ಹನ್ನೆರಡು ತಿಂಗಳು ಕೂಡಿಸಿದ ರಜೆ, ಮುಂಗಡ ಕಟ್ಟಿದ ಹಣ, ಸೋಮವಾರ ಬೆಳಗ್ಗೆ ಹಾಜರಾಗಬೇಕಾದ ಕಛೇರಿ. ಮೋಡವನ್ನು ನೋಡಿ ಒಂದು ದಿನ ಕಾಯೋಣವೆಂದರೆ ಆ ಒಂದು ದಿನವೇ ಪಟ್ಟಿಯಲ್ಲಿಲ್ಲ. ಇಂದು ಹೋಗದಿದ್ದರೆ ಸರೋವರವೇ ಇಲ್ಲ. ಆಗ ‘ಇಷ್ಟು ದೂರ ಬಂದದ್ದಾಯಿತು’ ಎಂಬ ಮಾತು ಹುಟ್ಟುತ್ತದೆ. ಬಾರದ ಸಾಲವನ್ನು ಉಳಿಸಿಕೊಳ್ಳಲು ಅದೇ ಸಾಲಗಾರನಿಗೆ ಮತ್ತಷ್ಟು ಸಾಲ ಕೊಡುವವರ ವಾದವೂ ಇದೇ. ಬ್ಯಾಂಕುಗಳು ಠೇವಣಿಯ ಒಂದಂಶವನ್ನು ರಿಜರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕೆಂಬ ಕಾನೂನಿದೆ. ಅದಕ್ಕೆ ಬಡ್ಡಿ ಬಾರದು. ಆದರೂ ಅದನ್ನು ಯಾವ ಬ್ಯಾಂಕೂ ನಷ್ಟವೆಂದು ಕರೆಯುವುದಿಲ್ಲ. ಪರ್ವತದಲ್ಲಿ ಖಾಲಿ ಬಿಟ್ಟ ಎರಡು ದಿನಗಳಿಗೂ ಅದೇ ಸ್ಥಾನ ಸಲ್ಲಬೇಕು.

ಖರ್ಚು ಹೆಚ್ಚಾಗುವುದೆಂಬ ಆಕ್ಷೇಪ ಬರುವುದು ಸಹಜ. ಡೇರೆ, ಆಹಾರ, ಹೊರೆಯಾಳುಗಳ ಕೂಲಿ ಎಲ್ಲವೂ ಎರಡು ದಿನ ಹೆಚ್ಚು. ರಜೆಯೂ ಎರಡು ದಿನ ಹೆಚ್ಚು. ಇದನ್ನು ಅಲ್ಲಗಳೆಯಲಾಗದು. ಎಂಟು ದಿನಗಳ ರಜೆಯಷ್ಟೇ ದೊರೆಯುವವರು ಆರು ದಿನಗಳ ಹಾದಿಯನ್ನು ಆರಿಸಿಕೊಳ್ಳಬೇಕು. ಹಿಮಾಲಯದಲ್ಲಿ ಚಿಕ್ಕ ಹಾದಿಗಳಿಗೆ ಬರವಿಲ್ಲ. ವಯಸ್ಸಾದವರು ಹೋಗಲೇಬಾರದೆಂಬ ಇನ್ನೊಂದು ವಾದವೂ 2024ರ ಬಳಿಕ ಕೇಳಿಬಂದಿತು. ಅದು ಒಪ್ಪತಕ್ಕದ್ದಲ್ಲ. ವೈದ್ಯರ ತಪಾಸಣೆಯಾಗಿ, ನಿಧಾನವಾಗಿ ನಡೆಯುವ ಅರವತ್ತರ ಗೃಹಿಣಿ, ಅವಸರದ ಇಪ್ಪತ್ತೈದರ ಇಂಜಿನಿಯರನಿಗಿಂತ ಕ್ಷೇಮವಾಗಿಯೇ ಏರಬಹುದು. ಆದರೆ ತಂಡದ ವೇಗ ಅವಳ ವೇಗವಾಗಿರಬೇಕು. ಅವಳನ್ನು ಹಿಂದೆ ಬಿಟ್ಟು ಮುಂದೆ ಹೋಗಿ ಕಾಯುವುದಲ್ಲ.

ಕನ್ನಡ ಸಂಘಗಳು ಸದಸ್ಯರಿಗಾಗಿ ಇಂತಹ ಪ್ರವಾಸಗಳನ್ನು ಏರ್ಪಡಿಸುವಾಗ ಅರ್ಜಿಯ ನಮೂನೆಯಲ್ಲಿ ಊಟ ಸಸ್ಯಾಹಾರವೇ, ರೈಲಿನಲ್ಲಿ ಕೆಳಗಿನ ಬರ್ತು ಬೇಕೇ ಎಂದು ಕೇಳುತ್ತವೆ. ಅದರ ಜೊತೆಗೆ ಎರಡು ಅಂಕಣಗಳನ್ನು ಸೇರಿಸುವುದು ಕಷ್ಟವಲ್ಲ. ಮೊದಲನೆಯದು, ಮೀಸಲು ದಿನಗಳು ಎಷ್ಟು. ಎರಡನೆಯದು, ಸರೋವರಕ್ಕೆ ಹೋಗುವ ದಿನ ಎಷ್ಟು ಗಂಟೆಗೆ, ಎಲ್ಲಿದ್ದರೂ, ಹಿಂದಿರುಗತಕ್ಕದ್ದು. ಆ ಎತ್ತರದಲ್ಲಿ ಹವಾಮಾನ ಕೆಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಬಳಿಕವಾದುದರಿಂದ ಆ ವೇಳೆ ಹನ್ನೊಂದು, ಹೆಚ್ಚೆಂದರೆ ಹನ್ನೆರಡು ಗಂಟೆ. ಆ ಗಂಟೆಯನ್ನು ಹೊರಡುವ ಮೊದಲೇ, ಊರಿನಲ್ಲಿ, ತಲೆ ತಣ್ಣಗಿರುವಾಗ ಬರೆದು ಎಲ್ಲರೂ ಸಹಿ ಹಾಕಬೇಕು. ಸ್ಥಳೀಯ ಮಾರ್ಗದರ್ಶಿಯು ಹಿಂದಿರುಗಿ ಎಂದಾಗ ಅವನೊಡನೆ ಚರ್ಚಿಸುವುದಿಲ್ಲವೆಂಬ ಮಾತೂ ಅದರಲ್ಲಿರಬೇಕು. ಮೇ ತಿಂಗಳ ಪ್ರವಾಸಕ್ಕೆ ಅರ್ಜಿಗಳು ಜನವರಿಯಲ್ಲಿಯೇ ಅಚ್ಚಿಗೆ ಹೋಗುವುದರಿಂದ, ಕಾರ್ಯಕಾರಿ ಸಮಿತಿಗಳು ಈ ವಿಷಯವನ್ನು ಡಿಸೆಂಬರ್ ಸಭೆಯಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು.